ನೆರಳಿನ ಹರಕೆ

ಅವತ್ತು ನಾನು ಪಡಸಾಲೆಯಲ್ಲಿ ಕುಳಿತು ಜೋಳ ಕೇರುತ್ತಿದ್ದೆ. ಹಗರಿಬೊಮ್ಮನಹಳ್ಳಿಯ ಹಳೇ ಪೇಟೆಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಕರೆಂಟು ಇದ್ದಷ್ಟು ಹೊತ್ತು ಮನೆಯೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಹಾಗಾಗಿ ಶಾಲೆಯ ಟೀಚರು ರಜಿಯಾ ಅಕ್ಕೋರು ಬಾಗಿಲಲ್ಲಿ ನಿಂತು ಎಷ್ಟು ಸಲ ಕೂಗಿದ್ದರೋ ನನಗೆ ತಿಳಿಯದು. ತಲೆ ಎತ್ತಿದಾಗ ಅವರು ನನ್ನ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದರು. ಮೂರನೇ ಕ್ಲಾಸಿನ ಹುಡುಗಿ, ಎಂಟು ತುಂಬಿತ್ತು. ಎತ್ತಿಕೊಳ್ಳುವ ವಯಸ್ಸೇನಲ್ಲ.

"ಬಿದ್ಲೇನ್ರಿ?" ಎಂದು ಮೊರ ಬಿಟ್ಟು ಎದ್ದೆ.

"ಬಿದ್ದಿಲ್ಲಕ್ಕಾ. ಕುಂತಾಕಿ ಏಳಾಕ ಬರವಲ್ದು ಅಂತಾಳ."

ಬಿದ್ದಿದ್ದರೆ ನನಗೆ ಅರ್ಥವಾಗುತ್ತಿತ್ತು. ಬಿದ್ದ ಮಕ್ಕಳಿಗೆ ಏನು ಮಾಡಬೇಕೆಂಬುದು ಎಲ್ಲ ತಾಯಂದಿರಿಗೂ ಗೊತ್ತು. ಕುಳಿತ ಮಗು ಏಳದಿದ್ದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕೋರು ಅವಳನ್ನು ಜೋಳದ ರಾಶಿಯ ಪಕ್ಕದಲ್ಲಿ ಇಳಿಸಿದರು. ನನ್ನ ಕೊಟ್ರಮ್ಮ ಅಳಲಿಲ್ಲ. "ಅವ್ವಾ, ಕಾಲು ಎಲ್ಲೋ ಹೋಗ್ಯಾವು" ಎಂದಳು, ಪೆನ್ಸಿಲ್ ಕಳೆದುಹೋಗಿದೆ ಎಂದು ಹೇಳುವ ಹಾಗೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಹತ್ತು ವರ್ಷದ ಮೇಲೆ ಈಗ ಬರೆಯಲು ಕುಳಿತಿದ್ದೇನೆ, ಯಾಕೆಂದರೆ ಇಂಥ ಬಾಗಿಲು ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತದೆ, ಮೊರ ಬಿಟ್ಟು ಏಳುವವರು ಇರುತ್ತಾರೆ. ಅವರಿಗೆ ಬುದ್ಧಿ ಹೇಳುವಷ್ಟು ನನಗೆ ತಿಳಿದಿಲ್ಲ. ನನಗೆ ತಿಳಿಯದೆ ಹೋದದ್ದನ್ನು ಮಾತ್ರ ಹೇಳುತ್ತೇನೆ.

ಮುಂಚಿನಿಂದಲೂ ಗುರುತುಗಳಿದ್ದವು. ಅವಳು ನೆಲದಿಂದ ಏಳುವಾಗ ಎರಡೂ ಕೈಯನ್ನು ತೊಡೆಯ ಮೇಲೆ ಊರಿ, ತನ್ನ ಮೈಯನ್ನು ತಾನೇ ಹತ್ತಿದಂತೆ ಏಳುತ್ತಿದ್ದಳು. ನಡೆದರೆ ಆ ಕಡೆ ಈ ಕಡೆ ಓಲಾಡುತ್ತಿದ್ದಳು. "ನೋಡು, ಮುದುಕಿ ಬಂದ್ಲು, ನನ್ನ ಜೊತಿಗಾತಿ" ಎಂದು ನಮ್ಮ ಅತ್ತೆ ನಗಾಡುತ್ತಿದ್ದರು. ನಾನೂ ನಗುತ್ತಿದ್ದೆ. ಎರಡು ಮೊಣಕಾಲಿನ ನಡುವೆ ಒಂದು ಚೆಂಬು ಹಿಡಿಯುವಷ್ಟು ಸಂದಿ ಇತ್ತು. ರಾತ್ರಿಯೆಲ್ಲ ಕಾಲು ಸೆಳೆತ ಎಂದರೆ ಔಡಲೆಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದೆ. ಹಾಲು ಕುಡಿಯುತ್ತಿರಲಿಲ್ಲ, ಅರ್ಧ ರೊಟ್ಟಿ ತಿಂದರೆ ಹೊಟ್ಟೆ ತುಂಬಿತು ಎನ್ನುತ್ತಿದ್ದಳು. ಹೆಣ್ಣುಮಗು, ಮೃದು ಜೀವ, ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ಊರ ಡಾಕ್ಟರು ನೋಡಿ "ಬೆಳಿಯೋ ಮಕ್ಕಳಿಗೆ ಹಿಂಗ ನೋವು ಬರ್ತಾವ" ಎಂದು ಕೆಂಪು ಟಾನಿಕ್ಕು ಬರೆದುಕೊಟ್ಟರು. ಹದಿನೈದು ದಿನ ಕುಡಿಸಿದೆ. ಏನೂ ಆಗಲಿಲ್ಲ. ಕೂಡ್ಲಿಗಿಯಲ್ಲಿ ಇನ್ನೊಬ್ಬರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ "ಪೋಲಿಯೋ ಹನಿ ಹಾಕ್ಸಿದ್ರೇನ್ರಿ?" ಎಂದು ಕೇಳಿದರು. ಹಾಕಿಸಿದ್ದೆ. ಪ್ರತಿ ಸಲ ಹಾಕಿಸಿದ್ದೆ. ಆದರೂ ಆ ಮಾತು ಕಿವಿಗೆ ಬಿದ್ದ ಮೇಲೆ ವಾಪಸು ಬರುವಾಗ ಬಸ್ಸಿನಲ್ಲಿ ಕುಂಟುವವರೇ ಕಣ್ಣಿಗೆ ಬಿದ್ದರು.

ಹಂಪಸಾಗರದ ಕಡೆ ಎಲುಬು ಕಟ್ಟುವ ಅಜ್ಜ ಒಬ್ಬನಿದ್ದಾನೆ ಎಂದು ಗಿರಣಿಗೆ ಬಂದ ಹೆಂಗಸೊಬ್ಬಳು ಹೇಳಿದಳು. ಆ ಅಜ್ಜ ಬಂದು ಕಾಲು ಹಿಚುಕಿ ನೋಡಿ, ಜವಾರಿ ಕೋಳಿಯ ತತ್ತಿ ಆರು ಬೇಕು, ಬಿಳಿಯದನ್ನು ಮೆತ್ತಿ ಬಿದಿರು ದಬ್ಬೆ ಕಟ್ಟಬೇಕು ಎಂದ. ಅತ್ತೆ ಕೆರಳಿದರು.

"ಲಿಂಗ ಕಟ್ಟಿದ ಮನಿಯಾಗ ತತ್ತಿ?"

"ತಿನ್ನಾಕ ಅಲ್ಲಬೇ, ಹಚ್ಚಾಕ" ಎಂದರು ನಮ್ಮ ಮನೆಯವರು.

"ಹಚ್ಚಾಕ ಆದ್ರ ನಿನ್ನ ಗಿರಣ್ಯಾಗ ಹಚ್ಚಿಕ್ಯಾ. ನನ್ನ ಅಡಿಗಿಮನಿ ಕಡಿ ಹಾಯಬ್ಯಾಡ."

ಗಿರಣಿಯಲ್ಲೇ ಹಚ್ಚಿದರು. ಮೂರು ದಿನ ಬಂದವರೆಲ್ಲ "ಏನ್ರಿ, ಹಿಟ್ಟು ಏನೋ ನಾರ್ತೈತಿ" ಎಂದು ಮೂಗು ಮುಚ್ಚಿಕೊಂಡರು. ನಾಲ್ಕನೇ ದಿನ ಮಗಳು ನೋವು ತಡೆಯಲಾರದೆ ಚೀರಿದಾಗ ದಬ್ಬೆ ಬಿಚ್ಚಿದೆವು.

ಆಮೇಲೆ ದಾವಣಗೆರೆಗೆ ಹೋದೆವು.

ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕಾದೆವು. ಮರದ ಬೆಂಚು, ಕೈಯಲ್ಲಿ ನಂಬರಿನ ಚೀಟಿ. ಮಕ್ಕಳ ವಿಭಾಗ ಎಂದ ಮೇಲೆ ಎಲ್ಲರ ಮಡಿಲಲ್ಲೂ ಒಂದೊಂದು ಅಳು. ನೀಲಗುಂದದ ಹೆಣ್ಣುಮಗಳೊಬ್ಬಳು ಕೂಸನ್ನು ಮಲಗಿಸಿಕೊಂಡಿದ್ದಳು. ಕೊಟ್ರಮ್ಮ ಕುಳಿತಲ್ಲೇ ನೋವಿಗೆ ಒದ್ದಾಡುವುದನ್ನು ನೋಡಿ ಎದ್ದು ನಿಂತಳು. "ಇಲ್ಲಿ ಮಲಗಿಸ್ರಿ. ನನ್ನ ಕೂಸು ಹೆಗಲಿಗೂ ಹೊಂದ್ಕೊಂತತಿ" ಎಂದಳು. ಮೂರು ತಾಸು ನಿಂತೇ ಇದ್ದಳು. ನಾನು ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟರೆ ತನ್ನ ಗಂಟಿನಿಂದ ಕರಿದ ಮಜ್ಜಿಗೆ ಮೆಣಸಿನಕಾಯಿ ತೆಗೆದುಕೊಟ್ಟಳು. ಅವಳ ಹೆಸರು ಕೇಳಲು ಮರೆತೆ. ಅವತ್ತಿನಿಂದ ದಿನಾ ಪೂಜೆಯಲ್ಲಿ "ನೀಲಗುಂದದಾಕಿ ಕೂಸು ಚೆನ್ನಾಗಿರಲಿ" ಎಂದು ಒಂದು ಪತ್ರೆ ಏರಿಸುತ್ತೇನೆ.

ಒಳಗೆ ವಯಸ್ಸಾದ ಡಾಕ್ಟರಮ್ಮ ಒಬ್ಬರಿದ್ದರು. ಮಗಳನ್ನು ನಿಲ್ಲಿಸಿದರು, ಕೂರಿಸಿದರು, ಪಕ್ಕೆಲುಬು ತಡವಿ ನೋಡಿದರು. ಆಮೇಲೆ ಎಕ್ಸ್‌ರೇ ಬರೆದರು. ಕಾಲಿಗೊಂದು, ಕೈಗೊಂದು. ನನ್ನ ತಲೆ ಕೆಟ್ಟಿತು. ನೋವು ಕಾಲಿಗೆ, ಫೋಟೋ ಕೈಗೆ! "ತಪ್ಪಿ ಬರದಾರೇನೋ, ಕೇಳ್ರಿ" ಎಂದು ಇವರ ತೋಳು ತಿವಿದೆ. ಇವರು "ಸುಮ್ನಿರು, ದೊಡ್ಡ ಡಾಕ್ಟ್ರು" ಎಂದರು. ಕಂಪೌಂಡರು ನನ್ನ ಮುಖ ನೋಡಿ "ತಪ್ಪಲ್ಲಮ್ಮಾ, ಮಣಿಕಟ್ಟಲ್ಲಿ ಗೊತ್ತಾಗುತ್ತೆ" ಎಂದ. ಏನು ಗೊತ್ತಾಗುತ್ತದೆ ಎಂದು ಹೇಳಲಿಲ್ಲ.

ಡಾಕ್ಟರಮ್ಮ ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ಕೇಳಿದರು: "ಯಾವೂರಿಂದ ಬಂದ್ರಿ?"

ಇವರು ಹೇಳಿದರು.

"ಆ ಕಡೆ ಬಿಸಿಲು ಕಮ್ಮಿನಾ?"

ಇವರು ನಕ್ಕೇಬಿಟ್ಟರು. "ಏನ್ರಿ ಮೇಡಂ! ಬಿಸಿಲು ಒಂದ ನಮ್ಮ ಕಡಿ ಪುಗಸಟ್ಟೆ ಸಿಗೋದು."

"ಮತ್ತೆ ಈ ಮಗೂಗೆ ಯಾಕೆ ಸಿಕ್ಕಿಲ್ಲ?" ಡಾಕ್ಟರಮ್ಮ ನಗಲಿಲ್ಲ. "ಎಲುಬು ಮೆತ್ತಗಾಗಿದಾವೆ. ಬಿಸಿಲು ಸಾಲದೆ, ಹಾಲು ಮೊಸರು ಸಾಲದೆ ಆಗೋದು. ಹೊರಗೆ ಆಡ್ತಾಳಾ?"

"ಆಡ್ತಾಳ್ರಿ, ಯಾಕ ಆಡಂಗಿಲ್ಲ? ಅವರ ಶಾಲ್ಯಾಗ ಪಾಠನೂ ಹೊರಗ ಬೇವಿನ ಗಿಡದ ಕೆಳಗ ಮಾಡ್ತಾರ" ಎಂದರು ಇವರು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನನ್ನ ಮಗಳು ಮೇಜಿನ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

ಈಗ ಹೇಳಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಕೊಟ್ರಮ್ಮನಿಗಿಂತ ಮುಂಚೆ ನನಗೊಬ್ಬ ಮಗನಿದ್ದ, ಬಸವರಾಜ. ಐದು ವರ್ಷದವನು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಬಯಲಲ್ಲಿ ಆಡಿ ಬಂದು "ಅವ್ವಾ, ತಲಿ ನೋಯ್ತತಿ" ಎಂದು ಮಲಗಿದ. ಮೈ ಕಾದ ಹಂಚು. ಆಮೇಲೆ ಕೈಕಾಲು ಸೆಟೆದವು. ಮೂರನೇ ದಿನ ನನ್ನ ಮಗ ಇರಲಿಲ್ಲ. ಏನಾಗಿತ್ತೆಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಓಣಿಯವರೆಲ್ಲ ಬಿಸಿಲು ಬಡಿಯಿತು ಎಂದರು. ಅಷ್ಟು ಜನ ಒಂದೇ ಮಾತು ಹೇಳಿದ ಮೇಲೆ ನಾನು ನಂಬಿದೆ. ನಂಬಲು ನನಗೂ ಏನಾದರೂ ಬೇಕಿತ್ತು.

ಶಿವಗಣಾರಾಧನೆ ಮುಗಿದ ಮರುದಿನ ನೀರೊಲೆಯ ಮುಂದೆ ಕುಳಿತು, ಎರಡು ವರ್ಷದ ಕೊಟ್ರಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು, ನಮ್ಮ ಮನೆದೇವರು ವೀರಭದ್ರಪ್ಪನಿಗೆ ಹರಕೆ ಹೊತ್ತುಕೊಂಡೆ: "ಇವಳಿಗೆ ಹತ್ತು ತುಂಬೋತನ ನೆತ್ತಿ ಮ್ಯಾಲ ಬಿಸಿಲು ಬೀಳಗೊಡಂಗಿಲ್ಲ. ಇವಳನ್ನ ನನಗ ಉಳಿಸಪ್ಪಾ." ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಿದರೆ ಹರಕೆಯ ಬಲ ಕಡಿಮೆಯಾಗುತ್ತದೆ ಎಂದು ಯಾರೋ ಚಿಕ್ಕಂದಿನಲ್ಲಿ ಹೇಳಿದ್ದು ತಲೆಯಲ್ಲಿತ್ತು.

ಆರು ವರ್ಷ ನಡೆಸಿದೆ. ಮೂರು ನಿಮಿಷದ ದಾರಿಯ ಶಾಲೆಗೆ ಛತ್ರಿ ಹಿಡಿದು ಬಿಟ್ಟು ಬರುತ್ತಿದ್ದೆ. ಓಣಿಯವರು "ದೊರಿಸಾನಿ ಸವಾರಿ ಹೊಂಟ್ತು" ಎನ್ನುತ್ತಿದ್ದರು. ಮಗ ಸತ್ತ ದುಃಖ, ಅದಕ್ಕೇ ಹೀಗೆ ಮಾಡುತ್ತಾಳೆ ಎಂದು ಮನೆಯವರು ಸುಮ್ಮನಿದ್ದರು. ಶಾಲೆಯಲ್ಲಿ ಎರಡೇ ಕೋಣೆ. ರಜಿಯಾ ಅಕ್ಕೋರು ಮೂರನೇ ಕ್ಲಾಸನ್ನು ಹೊರಗೆ ಕೂರಿಸುತ್ತಿದ್ದರು. ನಾನು ಮೊದಲ ದಿನವೇ ಹೋಗಿ, "ಅಕ್ಕೋರೆ, ನನ್ನ ಮಗಳಿಗೆ ಬಿಸಿಲು ಆಗಿ ಬರಂಗಿಲ್ಲ. ಗಿಡದ ಕೆಳಗೂ ಬ್ಯಾಡ್ರಿ, ಒಳಗ ಕುಂದ್ರಿಸ್ರಿ" ಎಂದು ಕೈಮುಗಿದಿದ್ದೆ. ಡಾಕ್ಟರು ಹೇಳಿರಬೇಕು ಎಂದುಕೊಂಡು ಅವರು ಒಪ್ಪಿದ್ದರು. ಎಲ್ಲರೂ ಹೊರಗೆ ಹುಣಸೆಬೀಜ ಹಾಕಿ ಲೆಕ್ಕ ಮಾಡುತ್ತಿದ್ದರೆ ನನ್ನ ಮಗಳು ಒಳಗೆ ಕಿಟಕಿಯ ಹತ್ತಿರ ಪಾಟಿ ಹಿಡಿದು ಕುಳಿತಿರುತ್ತಿದ್ದಳು.

ದೇವರಿಗೆ ಕೊಟ್ಟ ಮಾತಿನಿಂದ ಮಗಳ ಎಲುಬು ಮೆತ್ತಗಾಗುತ್ತದೆಯೇ? ಇದನ್ನು ಯಾರ ಹತ್ತಿರ ಕೇಳಲಿ?

ವಾಪಸು ಬರುವಾಗ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಇವರು ಔಷಧದ ಚೀಟಿಯನ್ನು ಮತ್ತೆ ಮತ್ತೆ ಮಡಚಿ ಬಿಚ್ಚಿ ಮಾಡುತ್ತ, "ಬಿಸಿಲು ಸಾಲವಲ್ದಂತ! ಯಾರ ಮುಂದನಾರ ಹೇಳಿದ್ರ ನಗ್ತಾರ" ಎಂದರು.

ಆಗ ಹೇಳಿಬಿಟ್ಟೆ. ಪೂರ್ತಿ ಹೇಳಿದೆ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನನ್ನ ಮಾತು ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಅವರಿಗೆ ಎಲ್ಲ ಕೇಳಿಸಿತು.

ಬೈಯುತ್ತಾರೆ ಎಂದುಕೊಂಡೆ. ಚೀಟಿಯನ್ನು ಜೇಬಿಗಿಟ್ಟು ಇಷ್ಟೇ ಅಂದರು: "ಅವ ನನಗೂ ಮಗ ಅಲ್ಲೇನಲೇ? ದೇವ್ರ ಕೂಡ ಮಾತಾಡಿದಿ. ನನ್ನ ಕೂಡ ಒಂದು ಮಾತಾಡಲಿಲ್ಲ."

ಎದ್ದು ಹೋದರು. ಎಲ್ಲಿಗೆ ಹೋದರೋ, ಬಸ್ಸು ಬಂದರೆ ಏನು ಮಾಡಲಿ ಎಂದು ನಾನು ಗಾಬರಿಯಿಂದ ಕುಳಿತಿದ್ದೆ. ಬಂದಾಗ ಒಂದು ಕೈಯಲ್ಲಿ ಚಹಾ ಲೋಟ, ಇನ್ನೊಂದರಲ್ಲಿ ಮಗಳಿಗೆ ಬಿಸಿ ಹಾಲು. ಚಹಾ ನನಗೆ ಕೊಟ್ಟರು. ಅವತ್ತು ನನಗೆ ಸಿಕ್ಕಿದ ದೊಡ್ಡ ಪ್ರಸಾದ ಅದೇ ಎಂದು ಈಗಲೂ ತಿಳಿದಿದ್ದೇನೆ.

ಮನೆಯಲ್ಲಿ ಅತ್ತೆಗೆ ವಿಷಯ ತಿಳಿದಾಗ ಅವರು ಡಾಕ್ಟರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರಿಗೆ ಹರಕೆಯದೇ ಚಿಂತೆ. "ಬಿಡಬೇಕಂದ್ರ ಸುಮ್ನ ಬಿಡಾಕ ಬರ್ತತೇನು? ಇನ್ನ ಎರಡು ವರ್ಷ ಉಳದಾವ. ಗುಡಿಗೆ ಹೋಗಿ ಅಪ್ಪಣಿ ಕೇಳ್ರಿ" ಎಂದರು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಡಾಕ್ಟರಮ್ಮ ಕೊಟ್ಟ ಪುಡಿಯ ಪೊಟ್ಟಣವನ್ನು ಹಾಲಿನಲ್ಲಿ ಕಲಸಿ ಕೊಡಲು ಶುರು ಮಾಡಿದ್ದೆ. ಆದರೆ ಬೆಳಗಿನ ಬಿಸಿಲಿಗೆ ಕೂರಿಸಿ ಎಂದಿದ್ದನ್ನು ಮಾತ್ರ ಮಾಡಲು ಕೈ ಬರಲಿಲ್ಲ. ಹೊಸ್ತಿಲವರೆಗೆ ಎತ್ತಿಕೊಂಡು ಹೋಗುತ್ತಿದ್ದೆ, ವಾಪಸು ಬರುತ್ತಿದ್ದೆ. ಬಿಸಿಲಿಗೆ ಬಿಟ್ಟರೆ ಮಗನ ಹಾಗೆ ಹೋಗುತ್ತಾಳೆ, ಬಿಡದಿದ್ದರೆ ಹೀಗೇ ಕುಂಟುತ್ತಾಳೆ. ಯಾವ ಕಡೆ ಹೆಜ್ಜೆ ಇಟ್ಟರೂ ಪಾಪ ನನ್ನದೇ.

ಸೋಮವಾರ ಕೊಟ್ಟೂರಿನ ಆಚೆಯ ಹಳ್ಳಿಯಲ್ಲಿರುವ ವೀರಭದ್ರಪ್ಪನ ಗುಡಿಗೆ ನಾಲ್ವರೂ ಹೋದೆವು. ನಮ್ಮಲ್ಲಿ ದೇವರನ್ನು ಕೇಳುವ ಪದ್ಧತಿ ಇದೆ. ಪೂಜಾರಿ ಮೂರ್ತಿಗೆ ಒದ್ದೆ ಹೂ ಏರಿಸುತ್ತಾರೆ. ನಾವು ಮನಸ್ಸಿನಲ್ಲಿ ಕೇಳಬೇಕು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ.

ಪೂಜಾರಿ ಅಯ್ಯನವರು ನನ್ನ ಕಥೆ ಕೇಳಿ ಗಡ್ಡ ಕೆರೆದುಕೊಂಡರು. "ಹೊತ್ತುಕೊಂಡಾಗ ಯಾವ ಗುಡ್ಯಾಗ ಇದ್ದೆವ್ವಾ?"

"ಗುಡ್ಯಾಗ ಅಲ್ರಿ. ನೀರೊಲಿ ಮುಂದ."

"ನೀರೊಲಿ ಮುಂದ!" ಅವರು ಇವರ ಮುಖ ನೋಡಿದರು. "ನಾನು ಕಟ್ಟಿಸಿದ ಹರಕಿ ಅಲ್ಲ. ನಾನು ಬಿಚ್ಚಾಕ ಬರಂಗಿಲ್ಲ. ಆದ್ರೂ ಕೇಳೋಣ ತಡಿ."

ಹೂ ಏರಿಸಿದರು. ಬೀಳಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಮಂಗಳಾರತಿ ಆಯಿತು, ಇಬ್ಬರು ಮೂವರು ಬೇರೆ ಭಕ್ತರು ಬಂದು ಹೋದರು. ಹೂ ಅಲ್ಲೇ. "ಮಾತಾಡವಲ್ಲ. ಕುಂದರ್ರಿ" ಎಂದರು ಅಯ್ಯನವರು. ನಾನು ಕಣ್ಣು ಮಿಟುಕಿಸದೆ ಆ ಹೂವನ್ನೇ ನೋಡುತ್ತ ಕುಳಿತೆ. ಒಂದು ಹಳದಿ ಸೇವಂತಿಗೆ, ಒಂದು ಕಡೆ ಎಸಳು ಸ್ವಲ್ಪ ಬಾಡಿತ್ತು. ಇವತ್ತಿಗೂ ಬರೆದು ತೋರಿಸಬಲ್ಲೆ.

ಎಷ್ಟು ಹೊತ್ತಾಯಿತೋ. ಪಕ್ಕದಲ್ಲಿ ಕೈಯಾಡಿಸಿದರೆ ಮಗಳಿಲ್ಲ.

ಗುಡಿಯ ಮುಂದೆ ಹಾಸುಬಂಡೆಯ ಅಂಗಳ. ಅಲ್ಲಿ ಇರುವೆಗಳು ಯಾರೋ ಚೆಲ್ಲಿದ ಮಂಡಕ್ಕಿಯನ್ನು ಸಾಲಾಗಿ ಹೊತ್ತುಕೊಂಡು ಹೋಗುತ್ತಿದ್ದವು. ನಡೆಯಲಾಗದ ನನ್ನ ಕೊಟ್ರಮ್ಮ ಕುಂಡೆಯ ಮೇಲೆ ತೆವಳಿಕೊಂಡು ಹೊಸ್ತಿಲು ದಾಟಿ, ಆ ಸಾಲಿನ ಜೊತೆಯಲ್ಲೇ ಅಂಗಳದ ನಡುವಿಗೆ ಬಂದಿದ್ದಳು. ಹೊತ್ತು ನೆತ್ತಿಗೆ ಬರುತ್ತಿತ್ತು. ಬಿಸಿಲು ಅವಳ ಬೈತಲೆಯ ಮೇಲೆ ಬಿದ್ದಿತ್ತು. ಆರು ವರ್ಷದಲ್ಲಿ ನಾನು ಒಂದು ದಿನವೂ ಕಾಣದ ನೋಟ ಅದು.

ಎದ್ದು ಓಡಿದೆ, ಸೆರಗು ಬಿಚ್ಚಿಕೊಂಡು ಅವಳ ತಲೆಗೆ ಹಾಕಬೇಕೆಂದು. ಹತ್ತಿರ ಹೋದೆ. ಅವಳು ತಲೆ ಎತ್ತದೆ, "ಅವ್ವಾ, ನಿಲ್ಲಬ್ಯಾಡ, ದಾರಿಗೆ ಅಡ್ಡ ಆಗ್ತಿ. ಇವು ನಲವತ್ತೊಂದು ಹೋದ್ವು, ಎಣಸಾಕ ಹತ್ತೀನಿ" ಎಂದಳು. ಒಳಗೆ ಕಿಟಕಿಯಲ್ಲಿ ಕುಳಿತು ಒಂದು ದಿನವೂ ಇಷ್ಟು ಉದ್ದದ ಮಾತು ಆಡಿದವಳಲ್ಲ.

ಸೆರಗು ಕೈಯಲ್ಲೇ ಉಳಿಯಿತು. ಏನು ಮಾಡಬೇಕೆಂದು ತಿಳಿಯದೆ ಅವಳ ಪಕ್ಕ ಬಿಸಿಬಂಡೆಯ ಮೇಲೆ ಕುಳಿತೆ. ಇರುವೆಗಳನ್ನು ನಾನೂ ಎಣಿಸಿದೆ. ಅರವತ್ತರ ನಂತರ ಲೆಕ್ಕ ತಪ್ಪಿತು.

ಒಳಗಿನಿಂದ ಅತ್ತೆ ಕೂಗಿದರು, "ಬಿತ್ತು! ಬಿತ್ತು!"

ನಾನು ನೋಡಿರಲಿಲ್ಲ. ಇವರು ಬಲಕ್ಕೆ ಬಿತ್ತು ಎಂದರು. ಅತ್ತೆ, "ಯಾವ ಬಲ? ಅಯ್ಯನೋರ ಕೈ ತಗಲಿ ಬಿತ್ತು, ಅದು ಲೆಕ್ಕಕ್ಕಿಲ್ಲ" ಎಂದರು. ಅಯ್ಯನವರು "ನಾನು ಎಣ್ಣಿ ಹಾಕಾಕ ಹತ್ತಿದ್ದೆ, ನೋಡಲಿಲ್ಲ" ಎಂದರು. ತಾಯಿ ಮಗ ಬಸ್ಸು ಹತ್ತುವವರೆಗೂ ಜಗಳವಾಡಿದರು. ನಾನು ತಪ್ಪುಕಾಯಿ ಎಂದು ಒಂದು ತೆಂಗಿನಕಾಯಿ ಒಡೆಸಿ, "ನೀನು ಹೇಳಿದ್ದು ನನಗ ತಿಳೀಲಿಲ್ಲ ತಂದೇ, ನಾಳಿಯಿಂದ ಬಿಸಿಲಿಗೆ ಕುಂದ್ರಿಸ್ತೀನಿ, ಸಿಟ್ಟಿದ್ರ ನನ್ನ ಮ್ಯಾಲ ತೀರಿಸಿಕೋ" ಎಂದು ಅಡ್ಡಬಿದ್ದು ಬಂದೆ.

ಮರುದಿನದಿಂದ ಕೂರಿಸಿದೆ. ಮೊದಲ ವಾರ ತಾಸಿಗೊಮ್ಮೆ ಹಣೆ ಮುಟ್ಟಿ ನೋಡುತ್ತಿದ್ದೆ. ಅವಳೇ ಬೇಸತ್ತು "ಇನ್ನ ಜ್ವರ ಬಂದಿಲ್ಲವ್ವಾ, ಬಂದ್ರ ಹೇಳ್ತೀನಿ" ಎಂದಳು.

ರಜಿಯಾ ಅಕ್ಕೋರು ವಿಷಯ ತಿಳಿದು ಮನೆಗೆ ಬಂದರು. ಅವರ ಗಂಡನದು ಬಸ್‌ಸ್ಟ್ಯಾಂಡ್ ಹತ್ತಿರ ಲಾರಿ ರಿಪೇರಿ ಶೆಡ್ಡು. ಬಹಳ ಗಟ್ಟಿ ಹೆಣ್ಣುಮಗಳು. ಅವತ್ತು ನಮ್ಮ ಪಡಸಾಲೆಯಲ್ಲಿ ಕುಳಿತು ಕಣ್ಣು ಒರೆಸಿಕೊಂಡರು. "ನೀವು ಹೇಳಿದ್ರಿ, ನಾನು ಒಳಗ ಕುಂದ್ರಿಸಿದೆ. ಕಿಟಕ್ಯಾಗ ಆ ಮುಖ ಕಾಣತಿತ್ತಕ್ಕಾ. ಯಾಕಂತ ಒಂದು ಸಲನಾರ ಕೇಳಬೇಕಿತ್ತು ನಾನು."

"ನೀವು ಕೇಳಿದ್ರ ನಾನು ಸುಳ್ಳು ಹೇಳತಿದ್ನಿ ಬಿಡ್ರಿ" ಎಂದೆ. ಅದು ನಿಜವೇ.

ಇವರು ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿ ಶಾಲೆಗೆ ಒಯ್ಯತೊಡಗಿದರು. ಅಕ್ಕೋರು ಅವಳಿಗೊಂದು ಕೆಲಸ ಹಚ್ಚಿದರು. ಬಯಲಿನ ನಡುವೆ ಒಂದು ಕೋಲು ನೆಟ್ಟಿದ್ದರು. ಅದರ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಗಂಟೆಗೊಂದು ಕಲ್ಲು ಇಡುವುದು, ಗೇಣು ಹಾಕಿ ಅಳೆಯುವುದು, ಪಾಟಿಯಲ್ಲಿ ಬರೆಯುವುದು. ಉಳಿದ ಮಕ್ಕಳಿಗೆ ಓಡಾಟದ ಕೆಲಸ, ಕಾಲಿಲ್ಲದವಳಿಗೆ ಕುಳಿತ ಕೆಲಸ ಎಂದು ನಾನು ತಿಳಿದೆ. ಆಮೇಲೆ ಗೊತ್ತಾಯಿತು, ನೆರಳು ಕುಳಿತಲ್ಲಿ ಕೂರುವುದಿಲ್ಲ. ಅದು ಸರಿದ ಹಾಗೆ ಇವಳೂ ಸರಿಯಬೇಕು. "ಏ ಕೊಟ್ರಿ, ನಿನ್ನ ನೆಳ್ಳು ಓಡಿ ಹೋತು, ಹಿಡಿಯೇ!" ಎಂದು ಹುಡುಗಿಯರು ಕೆಣಕುತ್ತಿದ್ದರು. ಇವಳು "ನಿಂದು ನೋಡ್ಕ್ಯಾ, ನಿನ್ನ ನೆಳ್ಳಿಗೆ ತಲಿನ ಇಲ್ಲ" ಎಂದು ಬೈದು ತೆವಳಿಕೊಂಡು ಹೋಗುತ್ತಿದ್ದಳು. ನಾನು ಕಂಪೌಂಡಿನ ಆಚೆ ನಿಂತು ಕೇಳಿಸಿಕೊಂಡಿದ್ದೇನೆ. ನನ್ನ ಮಗಳಿಗೆ ಬೈಯಲು ಬರುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ಎರಡು ತಿಂಗಳಿಗೆ ತೆವಳುವುದು ಬಿಟ್ಟು ಕೋಲು ಹಿಡಿದು ನಿಂತಳು. ನಾಲ್ಕು ತಿಂಗಳಿಗೆ ತೊಡೆ ಊರದೆ ಎದ್ದಳು. ಅದಕ್ಕಿಂತ ಮುಂಚೆಯೇ ಒಂದು ದಿನ ಶಾಲೆಯಿಂದ ಬಂದು, ಒಂದು ರೊಟ್ಟಿ ತಿಂದು, "ಇನ್ನೊಂದು ಹಾಕು" ಎಂದಳು. ಇನ್ನೊಂದು! ನಾನು ಹಂಚಿನ ಮುಂದೆ ಕುಳಿತು ಅತ್ತದ್ದನ್ನು ಅತ್ತೆ ನೋಡಿ, "ಹಿಟ್ಟು ಮುಗದತೇನು? ಗಿರಣಿ ಮನ್ಯಾಗ ಅದಕ್ಯಾಕ ಅಳ್ತಿ?" ಎಂದರು.

ರಾತ್ರಿ ಕಾಲು ಸೆಳೆತ ಎನ್ನುವುದು ನಿಂತಿತು. ಯಾವ ದಿನ ನಿಂತಿತು ಎಂದು ಗುರುತಿಟ್ಟುಕೊಳ್ಳಲಿಲ್ಲ. ನೋವು ಬಂದ ದಿನ ನೆನಪಿರುತ್ತದೆ, ಹೋದ ದಿನ ಇರುವುದಿಲ್ಲ.

ಹಾಗಾದರೆ ಗುಣವಾದದ್ದು ಯಾವುದರಿಂದ? ಇವರು ಡಾಕ್ಟರಮ್ಮನ ಪುಡಿ ಎನ್ನುತ್ತಾರೆ. ಅತ್ತೆ ತೀರಿಹೋಗುವವರೆಗೂ ವೀರಭದ್ರಪ್ಪ ಎಂದರು. ಹಂಪಸಾಗರದ ಅಜ್ಜ ತನ್ನ ತತ್ತಿ ತಡವಾಗಿ ಕೆಲಸ ಮಾಡಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ನನಗೆ ರಜಿಯಾ ಅಕ್ಕೋರ ಬಯಲು ಕಾಣುತ್ತದೆ, ಆದರೆ ಅದನ್ನೂ ಗಟ್ಟಿಯಾಗಿ ಹೇಳಲಾರೆ. ಎರಡನೇ ಸಲ ದಾವಣಗೆರೆಗೆ ಹೋದಾಗ ಧೈರ್ಯ ಮಾಡಿ ಡಾಕ್ಟರಮ್ಮನನ್ನು ಕೇಳಿದ್ದೆ: "ನನ್ನ ಮಗನ್ನ ಬಿಸಿಲು ಒಯ್ತೇನ್ರಿ?" ಅವರು ಪೆನ್ನು ಕೆಳಗಿಟ್ಟರು. "ನಾನು ನೋಡಿಲ್ಲಮ್ಮಾ. ನೋಡದೆ ಹೇಳಲ್ಲ. ಮಿದುಳು ಜ್ವರ ಇತ್ತೋ ಏನೋ. ನಿಮ್ಮ ತಪ್ಪಂತೂ ಅಲ್ಲ." ಅಷ್ಟನ್ನು ಕಟ್ಟಿಕೊಂಡು ಬಂದೆ. ಬಿಸಿಲಿಗೂ ಮಗನ ಸಾವಿಗೂ ಏನೂ ಸಂಬಂಧವೇ ಇಲ್ಲದಿದ್ದರೆ ನಾನು ಆರು ವರ್ಷ ಛತ್ರಿ ಹಿಡಿದದ್ದು ಯಾರಿಗೆ? ಇದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಸಿಗದೆಯೂ ದಿನ ಹೋಗುತ್ತವೆ ಎಂಬುದನ್ನು ಕಲಿತಿದ್ದೇನೆ.

ಈಗ ಅವಳು ಬಸ್ಸಿನಲ್ಲಿ ಕೊಟ್ಟೂರಿನ ಕಾಲೇಜಿಗೆ ಹೋಗುತ್ತಾಳೆ. ಎಡಗಾಲು ಇನ್ನೂ ಸ್ವಲ್ಪ ಬಾಗಿದೆ. ಲಂಗ ತೊಟ್ಟರೆ ತಿಳಿಯುವುದಿಲ್ಲ, ಓಡಿದರೆ ತಿಳಿಯುತ್ತದೆ. ಅವಳು ಓಡುತ್ತಾಳೆ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅವಳು ಮತ್ತೆ ನಡೆಯತೊಡಗಿದ ಆ ವರ್ಷದ ಶಿವರಾತ್ರಿಯ ಮರುವಾರ. ಮಗ ಹೋದ ದಿನಗಳವು. ಅಕ್ಕೋರು ಮಕ್ಕಳನ್ನೆಲ್ಲ ಊರಾಚೆಯ ಕೆರೆಯಂಗಳಕ್ಕೆ ಕರೆದುಕೊಂಡು ಹೋಗಿ, ಬತ್ತಿದ ಕೆರೆ ಎಷ್ಟು ಅಗಲ ಎಂದು ಹೆಜ್ಜೆಯಲ್ಲಿ ಅಳೆಯಿಸುತ್ತೇನೆ ಎಂದಿದ್ದರು. ಬೆಳಗ್ಗೆ ಹೋದರೆ ಊಟದ ಹೊತ್ತಿಗೆ ವಾಪಸು. ನೆರಳೆಂದರೆ ಅಲ್ಲಿ ಜಾಲಿಗಿಡದ್ದು ಮಾತ್ರ. ಮನೆಯವರು ಗಿರಣಿ ಶುರು ಮಾಡುವ ಮುಂಚೆ ಒಳಗೆ ಬಂದು ನಿಂತರು.

"ಏನ್ ಮಾಡೋಣ?" ಎಂದು ಕೇಳಿದರು. ನನ್ನನ್ನು ಕೇಳಿದರು.

"ನೀವು ಹೇಳ್ರಿ."

"ಇಬ್ಬರೂ ಕೂಡಿ ಹೇಳೋಣ. ನನಗೂ ಅಂಜಿಕಿ ಐತಿ."

ಕೊಟ್ರಮ್ಮ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮುಖ ನೋಡುತ್ತಿದ್ದಳು. "ನಾನು ಕುಂದ್ರೋ ಕೆಲಸ ಒಲ್ಲೆ ಅಂದೀನಿ ಅಕ್ಕೋರಿಗೆ. ನನ್ನ ಹೆಜ್ಜಿ ಎಣಸಾಕ ನಮ್ಮ ಕ್ಲಾಸಿನ ಗಂಗಿ ಬರ್ತಾಳ. ಲಗೂನ ಹೇಳ್ರಿ, ಸಾಲು ಹೊಂಡ್ತತಿ."

ತಲೆಗೆ ಒಂದು ಟವೆಲು ಕಟ್ಟಿದೆ, ನೀರಿನ ಬಾಟಲಿ ಕೊಟ್ಟೆ. "ಹೋಗಿ ಬಾ" ಎಂದು ಇವರು ಮೊದಲು ಹೇಳಿದರು, ನಾನು ಆಮೇಲೆ ಹೇಳಿದೆ.

ಬಾಗಿಲಿಗೆ ಬಂದು ನಿಂತೆ. ಇಬ್ಬಿಬ್ಬರು ಕೈ ಹಿಡಿದ ಮಕ್ಕಳ ಸಾಲು ಓಣಿ ದಾಟುತ್ತಿತ್ತು. ಓಲಾಡುತ್ತ ಹೋಗುವ ಒಂದು ತಲೆ ನನಗೆ ಬೇರೆಯಾಗಿ ಕಾಣುತ್ತಿತ್ತು. ತಿರುವಿನಲ್ಲಿ ಅವಳು ಟವೆಲು ಬಿಚ್ಚಿ ಗಂಗಿಯ ಕೈಗೆ ಕೊಟ್ಟಳು. ಕೂಗಬೇಕೆಂದು ಬಾಯಿ ತೆರೆದೆ. ಇವರು ಪಕ್ಕಕ್ಕೆ ಬಂದು ನಿಂತರು. ಕೂಗಲಿಲ್ಲ. ಸಾಲು ತಿರುವು ದಾಟಿತು.

ಇವರು ಹೋಗಿ ಗಿರಣಿ ಹಾಕಿದರು. ನಾನು ಒಳಗೆ ಬಂದು, ಅವಳ ರಾತ್ರಿಯೂಟದ ಮೊಸರಿಗೆಂದು ಕಾಸಿದ ಹಾಲಿಗೆ ಹೆಪ್ಪು ಹಾಕಿದೆ.